ಕವಳಿ ಬೇಲಿ: ಆಡಿಗೂ ಅಂಜದು, ಬ್ಯಾಸಿಗಿಗೂ ಬಗ್ಗದು

ಇವತ್ತು ಕವಳಿ ಗಿಡದ ಬಗ್ಗೆ ಮಾತಾಡೋಣ. ಮಳೆಗಾಲ ಶುರುವಾಗೋ ಹೊತ್ತಿಗೆ ಸಂತ್ಯಾಗ ಬುಟ್ಟಿ ಇಟ್ಟುಕೊಂಡು ಮಾರ್ತಾರಲ್ಲ, ಆ ಕಪ್ಪನೆಯ ಹುಳಿ-ಸಿಹಿ ಹಣ್ಣು. ಕರಾವಳಿಯವರು ಕರಂಡೆ ಅಂತಾರೆ.

ನಮ್ಮ ಜಿಲ್ಲೆಯಲ್ಲಿ ಕೈತೋಟ ಮಾಡೋರಿಗೆ ಎರಡು ಕಾಟ. ಬ್ಯಾಸಿಗಿಯೊಳಗ ನೀರಿಲ್ಲ, ಮತ್ತ ಬಿಟ್ಟು ಮೇಯಿಸೋ ಆಡು. ತಂತಿ ಬೇಲಿ ಹಾಕಿಸಿದ್ರೆ ತೋಟಕ್ಕಿಂತ ಬೇಲಿಗೇ ಖರ್ಚು ಹೆಚ್ಚು. ಕವಳಿ ವರ್ಷಪೂರ್ತಿ ಹಸಿರಾಗಿರ್ತದ, ಗಟ್ಟಿ ಮುಳ್ಳು, ಮುರಿದರೆ ಹಾಲು. ಕಣಗಿಲೆಯ ಕುಟುಂಬದ್ದೇ ಗಿಡ ಇದು. ಆದರೆ ಕಣಗಿಲೆ ವಿಷ, ಇದರ ಹಣ್ಣು ಊಟಕ್ಕ!

ಬಾದಾಮಿಯ ಕೆಂಪು ಉಸುಕು ಮಣ್ಣು, ಇಳಕಲ್ಲಿನ ಕಲ್ಲು ನೆಲ ಇದಕ್ಕೆ ಸರಿಹೊಂದುತ್ತವೆ. ಹುನಗುಂದದ ಎರಿ ಭೂಮಿಯವರು ಮಾತ್ರ ಸ್ವಲ್ಪ ಹುಷಾರು. ಬರಗಾಲ ತಡೆಯೋ ಗಿಡ, ಬುಡದಾಗ ನಿಂತ ನೀರು ತಡೆಯಂಗಿಲ್ಲ. ಅಲ್ಲಿ ಗರಸು ಬೆರೆಸಿ, ಏರಿ ಮಾಡಿ, ಏರಿಯ ಮೇಲೆ ನೆಡಬೇಕು.

ಗುಡ್ಡದಾಗಿನ ಗಿಡ ಕಿತ್ತು ತರಬ್ಯಾಡ್ರಿ. ಬೇರು ಹರಿದು ಬಂದದ್ದು ಬದುಕೋದು ಕಷ್ಟ, ಮೇಲಾಗಿ ಅದು ಕುರಿ ಕಾಯೋ ಹುಡುಗರ ಪಾಲು. ಹಣ್ಣು ತಿಂದ ಮೇಲೆ ಬೀಜ ತೊಳೆದು ಕೂಡಲೇ ಹಾಕಿ. ಡಬ್ಬಿಯೊಳಗ ತಿಂಗಳುಗಟ್ಟಲೆ ಇಟ್ಟ ಬೀಜ ಮೊಳಕೆ ಒಡೆಯೋದು ಕಡಿಮೆ. ಮಳೆಗಾಲದಲ್ಲಿ ಗುಟಿ ಕಟ್ಟಿಯೂ ಸಸಿ ಮಾಡಬಹುದು. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಐತಿ, ಸಸಿ ಕೇಳಾಕ ಅಲ್ಲಿಗೂ ಹೋಗಬಹುದು.

ಬೇಲಿಗಾದರೆ ಎರಡರಿಂದ ಮೂರು ಅಡಿಗೊಂದು ಸಸಿ, ಹಣ್ಣಿಗಾದರೆ ಎಂಟು ಅಡಿ ಅಂತರ. ಗುಂಡಿಗೆ ಒಂದು ಬುಟ್ಟಿ ತಿಪ್ಪಿಗೊಬ್ಬರ. ಮೊದಲ ಎರಡು ಬ್ಯಾಸಿಗಿ ವಾರಕ್ಕೊಮ್ಮೆ ನೀರು ಕೊಡ್ರಿ, ಆಡು ಬಾಯಿ ಹಾಕದಂಗ ಜಾಲಿ ಕಂಟಿ ಸುತ್ತಿಡ್ರಿ. ಆಮೇಲೆ ತನ್ನ ಕಾಲ ಮೇಲೆ ತಾನು ನಿಲ್ತದ. ಬೀಜದ ಗಿಡ ಸುಮಾರು ಮೂರನೇ ವರ್ಷಕ್ಕೆ ಕಾಯಿ ಹಿಡೀತದ.

ಇನ್ನ ಕತ್ತರಿ ವಿಷಯ. ಹೂವು ಬರೋದು ಟೊಂಗೆಯ ತುದಿಗೆ. ಗೋಡೆಯಂಗ ನೆಟ್ಟಗ ಕಾಣಲಿ ಅಂತ ಹೂ ಬಿಡೋ ಮುಂದ ಕತ್ತರಿಸಿದ್ರೆ ಆ ವರ್ಷದ ಹಣ್ಣು ಹೋತು. ನನ್ನ ಲೆಕ್ಕದಾಗ ಬೀದಿ ಕಡೆಯ ಸಾಲು ಬೇಲಿಗೆ, ಹಿತ್ತಲ ಮೂಲೆಯ ಎರಡು ಗಿಡ ಹಣ್ಣಿಗೆ ಬಿಡೋದು ಒಳ್ಳೇದು. ಹಣ್ಣು ಮುಗಿದ ಮೇಲೇ ಕತ್ತರಿ. ಕತ್ತರಿಸಿದ ಟೊಂಗಿ ಅಲ್ಲೇ ಬಿಡಬ್ಯಾಡ್ರಿ, ಒಣಗಿದ ಮುಳ್ಳು ಚಪ್ಪಲಿ ದಾಟಿ ಕಾಲಿಗೆ ನಾಟ್ತದ. ಮಕ್ಕಳು ಓಡಾಡೋ ಬಾಗಿಲ ಹತ್ರ ನೆಡಲೇಬಾರದು.

ಎಳೆ ಕಾಯಿ ಉಪ್ಪಿನಕಾಯಿಗೆ, ಕಪ್ಪಾದ ಹಣ್ಣು ಹಂಗೇ ಬಾಯಿಗೆ. ಅರಿವ್ಯಾಗಿನ ಕಲೆ ಸುಲಭಕ್ಕೆ ಹೋಗಂಗಿಲ್ಲ, ಇಳಕಲ್ ಸೀರೆ ಉಟ್ಟಾಗ ಮಾತ್ರ ದೂರ ಇಡ್ರಿ.