ಬತ್ತೆರ್, ಬೈದೆರ್ ಮತ್ತು ಇಂಗ್ಲಿಷಿನ ‘ಹ್ಯಾವ್’
(ಮಂಡೆಕೋಲಿನಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಮುಂದೆ ಆಡಿದ ಮಾತುಗಳ ಬರಹರೂಪ)



ಇಂಗ್ಲಿಷ್ ವ್ಯಾಕರಣದ ‘ಪ್ರೆಸೆಂಟ್ ಪರ್ಫೆಕ್ಟ್’ ಬಗ್ಗೆ ಹೇಳಲು ಬಂದವನು ತುಳುವಿನಿಂದ ಶುರುಮಾಡುತ್ತಿದ್ದೇನೆ. ಮನೆಗೆ ಮಾಮ ಬಂದರೆ ಅಡುಗೆಮನೆಯಲ್ಲಿರುವ ಅಮ್ಮನಿಗೆ ಏನೆಂದು ಕೂಗುತ್ತೀರಿ? ‘ಮಾಮ ಬೈದೆರ್.’ ಅವರು ಹೋದ ವರ್ಷ ಜಾತ್ರೆಗೆ ಬಂದ ಕತೆ ಹೇಳುವಾಗಲೋ, ‘ಮಾಮ ಬತ್ತೆರ್, ವಣಸ್ ಮಲ್ತೆರ್, ಪೋಯೆರ್.’ ಎರಡರಲ್ಲೂ ಬಂದದ್ದು ಆಗಿಹೋದ ಕೆಲಸವೇ. ಆದರೆ ‘ಬೈದೆರ್’ ಎಂದಾಗ ಮಾಮ ಚಾವಡಿಯಲ್ಲಿ ಕುಳಿತಿದ್ದಾರೆ, ಬೆಲ್ಲ ನೀರು ಕೊಡಬೇಕು. ಕೆಲಸ ಹಿಂದಿನದು, ಅದರ ಫಲ ಈಗಿನದು. ಹೀಗಾಗಿಯೇ ಇಂಗ್ಲಿಷಿನವರು ಇದನ್ನು ವರ್ತಮಾನದ ಲೆಕ್ಕಕ್ಕೆ ಸೇರಿಸಿದರು. ‘ಅಂಕಲ್ ಹ್ಯಾಸ್ ಕಮ್’ ಎಂದರೆ ಬೈದೆರ್. ‘ಅಂಕಲ್ ಕೇಮ್’ ಎಂದರೆ ಬತ್ತೆರ್.

ಬಾಸೆಲ್ ಮಿಷನ್ನಿನ ಜೆ. ಬ್ರಿಗೆಲ್ 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ತುಳು ವ್ಯಾಕರಣದಲ್ಲಿ ಈ ಎರಡು ರೂಪಗಳನ್ನು ಬೇರೆ ಬೇರೆಯಾಗಿಯೇ ಗುರುತಿಸಿದ್ದಾರೆ. ಗಡಿಯಾಚೆಯ ಮಲಯಾಳದಲ್ಲಿ ‘ವನ್ನು’, ‘ವನ್ನಿಟ್ಟುಂಡ್’ ಇವೆ. ಕನ್ನಡದಲ್ಲಿ ‘ಬಂದರು’, ‘ಬಂದಿದ್ದಾರೆ’. ಅಂದ ಮೇಲೆ ಈ ಊರಿನ ಮಗುವಿಗೆ ಇದು ಹೊಸ ವಿಷಯವೇನಲ್ಲ. ಮತ್ತೆ ತಪ್ಪುವುದು ಎಲ್ಲಿ?

ನಾನು ತಪ್ಪಿದ ಜಾಗವನ್ನೇ ಹೇಳುತ್ತೇನೆ. ಮೊದಲ ಕೆಲಸದ ಅರ್ಜಿಯಲ್ಲಿ ‘ಐ ಹ್ಯಾವ್ ಪಾಸ್ಡ್ ಎಸ್ಸೆಸ್ಸೆಲ್ಸಿ ಇನ್ 2015’ ಎಂದು ಬರೆದಿದ್ದೆ. ಸಂದರ್ಶನದಲ್ಲಿ ಕುಳಿತವರೊಬ್ಬರು ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದವರಿಗೆ ತೋರಿಸಿದರು. ಇಬ್ಬರೂ ನಕ್ಕರು. ತಪ್ಪೇನೆಂದು ಮಾತ್ರ ಹೇಳಲಿಲ್ಲ. ಕೆಲಸ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ತಪ್ಪು ಇಷ್ಟೇ: ‘2015ರಲ್ಲಿ’ ಎಂಬ ಪದ. ಕನ್ನಡದಲ್ಲಿ ‘2015ರಲ್ಲಿ ಪಾಸಾಗಿದ್ದೇನೆ’ ಎನ್ನಬಹುದು, ‘ನಿನ್ನೆ ಬಂದಿದ್ದಾರೆ’ ಎನ್ನಬಹುದು. ನಮ್ಮ ಪತ್ರಿಕೆಗಳಲ್ಲಂತೂ ‘ಸಚಿವರು ಸೋಮವಾರ ಉದ್ಘಾಟಿಸಿದ್ದಾರೆ’ ಎಂಬ ವಾಕ್ಯವಿಲ್ಲದೆ ಪುಟ ತುಂಬುವುದಿಲ್ಲ! ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ನಿನ್ನೆ, ಸೋಮವಾರ, ಹೋದ ವರ್ಷ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಜಾಗ ಬಿಡಬೇಕು. ‘ಐ ಹ್ಯಾವ್ ಪಾಸ್ಡ್’ ಸರಿ. ‘ಐ ಪಾಸ್ಡ್ ಇನ್ 2015’ ಸರಿ. ಎರಡನ್ನೂ ಕಟ್ಟಿಹಾಕಿದರೆ ತಪ್ಪು. ಇಂದು, ಈ ವಾರ ಎಂದರೆ ಅಡ್ಡಿಯಿಲ್ಲ, ಆ ಕಾಲ ಇನ್ನೂ ಮುಗಿದಿಲ್ಲವಲ್ಲ.

ಇದು ನಮ್ಮ ದಡ್ಡತನವೂ ಅಲ್ಲ. ಜರ್ಮನ್ ಭಾಷೆಯಲ್ಲಿ ಇಂಥದೇ ರೂಪವನ್ನು ‘ನಿನ್ನೆ’ಯ ಜೊತೆ ಧಾರಾಳವಾಗಿ ಬಳಸುತ್ತಾರೆ, ಇಂಗ್ಲಿಷ್ ಕಲಿಯುವ ಜರ್ಮನರೂ ನಮ್ಮ ಹಾಗೆಯೇ ಎಡವುತ್ತಾರೆ. ಇತ್ತ ಅಮೆರಿಕದವರು ‘ಊಟ ಆಯಿತೇ’ ಎನ್ನಲು ‘ಡಿಡ್ ಯೂ ಈಟ್ ಯೆಟ್’ ಎಂದು ‘ಹ್ಯಾವ್’ ಇಲ್ಲದೆಯೇ ಮುಗಿಸುವುದುಂಟು. ಅವರನ್ನು ನೋಡಿ ಯಾರೂ ನಗುವುದಿಲ್ಲ.

ಇನ್ನೊಂದು ಕಡೆ ಇದಕ್ಕೆ ತಿರುಗುಮುರುಗು. ‘ಹತ್ತು ವರ್ಷದಿಂದ ಮಂಡೆಕೋಲಿನಲ್ಲಿ ವಾಸಿಸುತ್ತಿದ್ದೇವೆ’ ಎಂಬಲ್ಲಿ ನಮಗೆ ಸಾದಾ ವರ್ತಮಾನ ಸಾಕು. ಅದನ್ನೇ ‘ವೀ ಆರ್ ಲಿವಿಂಗ್ ಸಿನ್ಸ್ ಟೆನ್ ಇಯರ್ಸ್’ ಮಾಡುತ್ತೇವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್ ‘ಹ್ಯಾವ್’ ಕೇಳುತ್ತದೆ: ‘ವೀ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್.’ ಎಷ್ಟು ಕಾಲ ಎನ್ನಲು ‘ಫಾರ್’, ಯಾವಾಗಿನಿಂದ ಎನ್ನಲು ‘ಸಿನ್ಸ್’.

ಈಗ ಮತ್ತೆ ಚಾವಡಿಗೆ ಬನ್ನಿ. ಮಾಮ ನಿನ್ನೆ ಬಂದರು, ಇನ್ನೂ ಹೊರಟಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಯಾರು ಹೇಳುತ್ತೀರಿ? ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ‘ಅಂಕಲ್ ಕೇಮ್ ಯೆಸ್ಟರ್ಡೇ. ಹೀ ಹ್ಯಾಸಂಟ್ ಲೆಫ್ಟ್ ಯೆಟ್.’