ಮಿದುಳಿಗೆ ಹರಡುವ ಕ್ಯಾನ್ಸರ್ ಮತ್ತು ಎಕ್ಸೊಸೋಮ್‌ಗಳು



ಸ್ತನದಲ್ಲೋ ಶ್ವಾಸಕೋಶದಲ್ಲೋ ಹುಟ್ಟಿದ ಕ್ಯಾನ್ಸರ್ ಕೆಲವು ರೋಗಿಗಳಲ್ಲಿ ಮಿದುಳಿಗೂ ಹರಡುತ್ತದೆ. ಮೊದಲ ಗೆಡ್ಡೆ ಔಷಧಕ್ಕೆ ಬಗ್ಗಿರುತ್ತದೆ, ಮನೆಯವರಿಗೆ ಸ್ವಲ್ಪ ನೆಮ್ಮದಿ ಬಂದಿರುತ್ತದೆ. ಅಷ್ಟರಲ್ಲಿ ತಲೆನೋವು, ವಾಂತಿ, ಕೈಕಾಲಿನ ನಿಶ್ಶಕ್ತಿ. ಬೇರೆಡೆ ಗೆದ್ದ ಔಷಧ ಮಿದುಳಿನಲ್ಲಿ ಏಕೆ ಸೋಲುತ್ತದೆ?

ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿಯಾದದ್ದು, ಅನೇಕ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಇದು ನಿಮಗೆ ಗೊತ್ತಿರುವ ಕಾರಣ. ಇನ್ನೊಂದು ಕಾರಣ ಎಕ್ಸೊಸೋಮ್.

ಎಕ್ಸೊಸೋಮ್ ಎಂದರೆ ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲ. ಅಗಲ ಸುಮಾರು 30ರಿಂದ 150 ನ್ಯಾನೊಮೀಟರ್; ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರ್‌ಗಳಿವೆ ಎಂಬುದನ್ನು ನೆನಪಿಡಿ. 1983ರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಮತ್ತು ಸಂಗಡಿಗರು ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇಂಥ ಚೀಲಗಳನ್ನು ಅಭ್ಯಸಿಸಿದರು. ಕೋಶ ಬಿಸಾಡುವ ಕಸವೆಂದೇ ಬಹುಮಂದಿ ತಿಳಿದಿದ್ದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆ ಚೀಲದಲ್ಲಿ ಆರ್‌ಎನ್‌ಎ ಇದೆಯೆಂದೂ ಅದು ಬೇರೆ ಕೋಶಕ್ಕೆ ತಲುಪುತ್ತದೆಯೆಂದೂ ತೋರಿಸಿದರು. ಕಸವೆಂದು ತಳ್ಳಿದ್ದು ಕೋಶಗಳ ಅಂಚೆಯಾಗಿತ್ತು!

2015ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಿಂದ ಬಂದ ವರದಿ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದದ್ದು. ಪಿಟಿಇಎನ್ ಎಂಬ ಜೀನ್ ಕೋಶದ ಬೆಳವಣಿಗೆಗೆ ಬ್ರೇಕ್ ಇದ್ದಂತೆ. ಮಿದುಳು ಸೇರಿದ ಕ್ಯಾನ್ಸರ್ ಕೋಶಗಳಲ್ಲಿ ಈ ಬ್ರೇಕ್ ಸಡಿಲವಾಗುತ್ತದೆ. ಅವೇ ಕೋಶಗಳನ್ನು ಮಿದುಳಿನಿಂದ ಹೊರತೆಗೆದು ಬೆಳೆಸಿದರೆ ಮತ್ತೆ ಸರಿಯಾಗುತ್ತದೆ. ಹಾಗಾದರೆ ಬ್ರೇಕ್ ಕಿತ್ತವರು ಯಾರು? ನಮ್ಮದೇ ಮಿದುಳಿನ ಆಸ್ಟ್ರೊಸೈಟ್‌ಗಳು. ನರಕೋಶಗಳನ್ನು ಸಾಕಿ ಸಲಹುವ ಈ ಕೋಶಗಳು ಎಕ್ಸೊಸೋಮಿನಲ್ಲಿ ಕಳಿಸುವ ಮೈಕ್ರೊಆರ್‌ಎನ್‌ಎ ಕ್ಯಾನ್ಸರ್ ಕೋಶದೊಳಗೆ ಹೋಗಿ ಪಿಟಿಇಎನ್ ಅನ್ನು ಅಡಗಿಸುತ್ತದೆ. ಮನೆಯ ಕಾವಲುಗಾರನೇ ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ. ಇಲಿಗಳಲ್ಲಿ ಆ ಎಕ್ಸೊಸೋಮ್‌ಗಳನ್ನು ತಡೆದಾಗ ಮಿದುಳಿನ ಗೆಡ್ಡೆಗಳ ಬೆಳವಣಿಗೆ ಕುಗ್ಗಿತು.

ಕ್ಯಾನ್ಸರ್ ಕೋಶವೂ ಸುಮ್ಮನಿರುವುದಿಲ್ಲ. ಅದೇ ವರ್ಷ ಜಪಾನಿನ ತಂಡವೊಂದು ಸ್ತನ ಕ್ಯಾನ್ಸರ್ ಕೋಶಗಳ ಚೀಲಗಳೇ ಮಿದುಳಿನ ಆ ಬಿಗಿಯಾದ ಗೋಡೆಯನ್ನು ಸಡಿಲಗೊಳಿಸುವುದನ್ನು ಕಂಡಿತು. 2019ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡ, ಗೆಡ್ಡೆಯ ಎಕ್ಸೊಸೋಮ್‌ಗಳು ಸಿಇಎಂಐಪಿ ಎಂಬ ಪ್ರೋಟೀನ್ ಹೊತ್ತು ಮುಂಚೆಯೇ ಹೋಗಿ ಮಿದುಳಿನಲ್ಲಿ ನೆಲ ಹದಮಾಡುತ್ತವೆ ಎಂದು ತೋರಿಸಿತು.

ಇವು ಬಹುಪಾಲು ಇಲಿ ಮತ್ತು ಪ್ರಯೋಗಾಲಯದ ಫಲಿತಾಂಶಗಳು. ‘ಎಕ್ಸೊಸೋಮ್ ಚಿಕಿತ್ಸೆ’ ಎಂಬ ಜಾಹೀರಾತು ನೋಡಿ ಯಾರೂ ಹಣ ಸುರಿಯಬೇಡಿ. ಅನುಮತಿಯಿಲ್ಲದ ಇಂಥ ಉತ್ಪನ್ನಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಜನರನ್ನು ಎಚ್ಚರಿಸಿದೆ. ವಿಜ್ಞಾನ ಓದುವ ಮಕ್ಕಳೇ, ನಿಮಗೊಂದು ಪ್ರಶ್ನೆ ಬಿಡುತ್ತೇನೆ: ಆರೋಗ್ಯವಂತ ಕೋಶಗಳಿಗೂ ಇದೇ ಅಂಚೆ ಬೇಕು. ಅಂಚೆಯನ್ನೇ ಮುಚ್ಚದೆ ಆ ಒಂದು ಕಾಗದವನ್ನು ಮಾತ್ರ ತಡೆಯುವುದು ಹೇಗೆ?