ಕ್ಯಾಸೆಟ್ಟಿನಿಂದ ಮೊಬೈಲಿನವರೆಗೆ



ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ನಾವು ಸುದ್ದಿ, ಹಾಡು, ಚಿತ್ರಗಳನ್ನು ಮಾಡುವ ರೀತಿಯೂ ಅವನ್ನು ಕೇಳುವ, ನೋಡುವ ರೀತಿಯೂ ಹೇಗೆ ಬದಲಾಗಿದೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಲಯದವರು ಕೇಳಿದ್ದಾರೆ. ವಿಷಯ ದೊಡ್ಡದು. ನಾನು ಓದಿದ್ದು ಎಸ್.ಎಸ್.ಎಲ್.ಸಿ., ದುಡಿದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿ. ಆದ್ದರಿಂದ ಪುಸ್ತಕದ ಮಾತು ಬಿಟ್ಟು, ನಮ್ಮ ತಾಳವಾಡಿ ಬೆಟ್ಟದ ಸೀಮೆಯಲ್ಲಿ ಕಂಡು ಕೇಳಿದ್ದನ್ನೇ ಹಿಡಿದು ಹೇಳುತ್ತೇನೆ.

ಒಂದು ಕ್ಯಾಸೆಟ್ಟಿನ ಮಾತಿನಿಂದ ಆರಂಭಿಸೋಣ. 2000ನೇ ಇಸವಿ ಜುಲೈ 30ರ ರಾತ್ರಿ. ನಮ್ಮ ದೊಡ್ಡ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ಹೋಗುವಾಗ ಪಾರ್ವತಮ್ಮನವರ ಕೈಗೆ ಒಂದು ಆಡಿಯೋ ಕ್ಯಾಸೆಟ್ಟು ಕೊಟ್ಟು, ಇದನ್ನು ಕರ್ನಾಟಕದ ಮುಖ್ಯಮಂತ್ರಿಗೆ ತಲುಪಿಸಬೇಕು ಎಂದ. ಆ ತಾಯಿ ಆ ಕ್ಯಾಸೆಟ್ಟು ಹಿಡಿದು ರಾತ್ರೋರಾತ್ರಿ ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿಂದ ಮುಂದೆ 108 ದಿವಸ, ಅಂದರೆ ನವೆಂಬರ್ 15ರವರೆಗೆ, ಎರಡು ರಾಜ್ಯಗಳ ಜನ ಕಾಡಿನಿಂದ ಬರುವ ಕ್ಯಾಸೆಟ್ಟಿಗಾಗಿ ಕಾದರು. 'ನಕ್ಕೀರನ್' ಪತ್ರಿಕೆಯ ಸಂಪಾದಕ ಗೋಪಾಲ್ ಕಾಡಿಗೆ ಹೋಗಬೇಕು, ದಿನಗಟ್ಟಲೆ ನಡೆಯಬೇಕು, ಹಿಂದಿರುಗಬೇಕು, ಆಮೇಲೆ ನಮಗೆ ಸುದ್ದಿ. ಕ್ಯಾಸೆಟ್ಟಿನಲ್ಲಿ ಅಣ್ಣಾವ್ರ ದನಿ ಕೇಳಿಸಿತು ಎಂದರೆ, ಸದ್ಯ ಜೀವಕ್ಕೆ ಅಪಾಯವಿಲ್ಲ ಎಂದು ಹೆಂಗಸರು ದೇವರಿಗೆ ಕೈಮುಗಿಯುತ್ತಿದ್ದರು. ದನಿಯೇ ಸಾಕ್ಷಿ. ಅದಕ್ಕಿಂತ ಹೆಚ್ಚಿನ ರುಜುವಾತನ್ನು ಯಾರೂ ಕೇಳಲಿಲ್ಲ.

ಇಂದು ಅದೇ ಘಟನೆ ನಡೆದರೆ ಅರ್ಧ ಗಂಟೆಯೊಳಗೆ ಲೋಕವೆಲ್ಲ ನೋಡುತ್ತದೆ. ಆದರೆ ಆ ದನಿ ಅವರದೇ ಹೌದೋ ಅಲ್ಲವೋ ಎಂದು ಹೇಳುವುದು ಮಾತ್ರ ಕಷ್ಟ. ಒಬ್ಬರ ದನಿಯ ತುಣುಕನ್ನು ಕೊಟ್ಟರೆ ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲೇ ಆಡಿಸುವ ಯಂತ್ರಬುದ್ಧಿ ಬಂದಿದೆ. 2006ರಲ್ಲಿ ತೀರಿಕೊಂಡ ರಾಜ್‌ಕುಮಾರ್ ಅವರ ದನಿಯಲ್ಲಿ ಇವತ್ತಿನ ಹಾಡು ಹಾಡಿಸುವುದೂ ದೊಡ್ಡ ಕೆಲಸವಲ್ಲ. ಕೇಳುವುದಕ್ಕೆ ಹಿತವಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 2000ದಲ್ಲಿ ಇಂಥ ಉಪಾಯವಿದ್ದಿದ್ದರೆ ನಾವು ಯಾವ ಕ್ಯಾಸೆಟ್ಟನ್ನು ನಂಬುತ್ತಿದ್ದೆವು?

ಹಾಗಂತ ಹಿಂದಿನದೆಲ್ಲ ಚಿನ್ನ, ಈಗಿನದೆಲ್ಲ ತಗಡು ಎಂದು ಹೇಳುವವನು ನಾನಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಬೇರೆಯಾದಾಗ ಪಕ್ಕದ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿತು. ನಮ್ಮ ತಾಳವಾಡಿ ಈಚೆಯೇ ಉಳಿಯಿತು. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಕನ್ನಡ ಪತ್ರಿಕೆ ಬೇಕೆಂದರೆ ಚಾಮರಾಜನಗರದ ಕಡೆಯ ಬಸ್ಸು ಕಾಯಬೇಕು. ಇತ್ತ ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಅಂಥ ಜಾಗದಲ್ಲಿ ನಮಗೆ ಕನ್ನಡ ಕೇಳಿಸಿದ್ದು ರೇಡಿಯೋ. ಬೆಟ್ಟ ಅಡ್ಡ ಬಂದರೆ ಕರಕರ ಸದ್ದು, ಮಳೆ ಗುಡುಗಿದರೆ ಇನ್ನೊಂದು ಸದ್ದು. ರೇಡಿಯೋವನ್ನು ಆ ಗೋಡೆಗೆ ಈ ಗೋಡೆಗೆ ತಿರುಗಿಸಿ ಕೇಳುತ್ತಿದ್ದೆವು. ಈಗ ಪ್ರಸಾರ ಭಾರತಿಯವರ ಆ್ಯಪಿನಲ್ಲಿ ಮೈಸೂರು, ಧಾರವಾಡ ಎಲ್ಲವೂ ನೀರಿನಂತೆ ತಿಳಿಯಾಗಿ ಕೇಳುತ್ತವೆ. ಟವರ್ ಸಿಗಬೇಕು ಅಷ್ಟೆ. ಕಾಡಂಚಿನ ಹಾಡಿಗಳಿಗೆ ಹೋದರೆ ಈಗಲೂ ಸಿಗ್ನಲ್ಲಿಗಾಗಿ ಬಂಡೆ ಹತ್ತುವವರಿದ್ದಾರೆ.

ಪ್ರಸಂಗ ಬಂದದ್ದರಿಂದ ಒಂದು ಮಾತು. 'ಆಕಾಶವಾಣಿ' ಎಂಬ ಹೆಸರಿನ ಕೇಂದ್ರ ಮೊದಲು ಹುಟ್ಟಿದ್ದು ಸರ್ಕಾರದ ಕಚೇರಿಯಲ್ಲಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಯಂತ್ರವಿಟ್ಟು ಅದನ್ನು ನಡೆಸಿದರು. ಇಂದು ಹುಡುಗರು ಮನೆಯ ಅಟ್ಟದ ಮೇಲೆ ಕೂತು ಯೂಟ್ಯೂಬ್ ಚಾನೆಲ್ ಮಾಡುತ್ತಾರೆಂದು ಹಿರಿಯರು ಮೂಗು ಮುರಿಯುತ್ತಾರೆ. ಮೇಷ್ಟ್ರು ಮಾಡಿದ್ದೂ ಅದೇ ಅಲ್ಲವೇ?

ಇನ್ನು ಹಾಡಿನ ವಿಚಾರ. ಮಾದಪ್ಪನ ಕತೆ, ಮಂಟೇಸ್ವಾಮಿ ಕತೆ ನಮ್ಮ ಕಡೆ ರಾತ್ರಿಯಿಡೀ ನಡೆಯುವ ಕತೆಗಳು. ಕಂಸಾಳೆಯವರು ಬಂದು ಅಂಗಳದಲ್ಲಿ ಕೂತರೆ ಬೆಳಗಿನ ಕೋಳಿ ಕೂಗಿದರೂ ಒಂದು ಸಾಲು ಮುಗಿದಿರುತ್ತಿರಲಿಲ್ಲ. ಇಲ್ಲಿ ಸಾಲು ಎಂದರೆ ಕತೆಯ ಒಂದು ಭಾಗ. ಕ್ಯಾಸೆಟ್ಟು ಬಂದಾಗ ಅದೇ ಕತೆಯನ್ನು ಒಂದು ಮಗ್ಗುಲಿಗೆ ಅರ್ಧ ಗಂಟೆಯಂತೆ ಅಳೆದು ಕತ್ತರಿಸಿದರು. ಮೊಬೈಲ್ ಬಂದ ಮೇಲೆ ಅರ್ಧ ನಿಮಿಷಕ್ಕೆ ಇಳಿಯಿತು. ಮಾದಪ್ಪ ಹುಲಿ ಏರುವಷ್ಟರಲ್ಲಿ ವಿಡಿಯೋ ಮುಗಿದಿರುತ್ತದೆ, ಇಳಿಯುವುದು ಯಾರ ಪಾಲಿಗೋ! ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಿಂದೆ ಈ ಹಾಡುಗಳನ್ನು ಹಿಡಿದಿಡಬೇಕಾದರೆ ವಿದ್ವಾಂಸರು ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಬೇಕಾಗಿತ್ತು. ಪಿ.ಕೆ. ರಾಜಶೇಖರ ಅವರಂಥವರು ಹಾಗೆ ದುಡಿದದ್ದರಿಂದ ಮಾದೇಶ್ವರ ಕಾವ್ಯ ಅಚ್ಚಿನಲ್ಲಿ ಉಳಿಯಿತು. ಈಗ ಹಾಡುವವರ ಮೊಮ್ಮಗಳೇ ಅಜ್ಜಿಯ ಎದುರು ಫೋನು ಹಿಡಿದು ಪೂರ್ತಿ ಕತೆಯನ್ನು ದಾಖಲಿಸಬಹುದು. ಬೇಕಾದದ್ದು ಅವಳಿಗೆ ಎರಡು ರಾತ್ರಿ ಬಿಡುವು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಎಲ್ಲರೂ ನೋಡುವವರಾದರು, ಎಲ್ಲರೂ ಮಾಡುವವರೂ ಆದರು. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಆನೆಗಳು ಕಬ್ಬಿನ ಲಾರಿ ತಡೆದು ಕಬ್ಬು ಎಳೆದು ತಿನ್ನುವ ವಿಡಿಯೋಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ದಿಲ್ಲಿ, ದುಬೈನಲ್ಲಿ ಕೂತವರಿಗೆ ಅದು ತಮಾಷೆ. ಹೊಲದಲ್ಲಿ ಕೋಸು, ಬಾಳೆ ಹಾಕಿ ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂರುವ ರೈತನಿಗೆ ಅದೇ ಫೋನು ಬೇರೆ ಕೆಲಸಕ್ಕೆ ಬರುತ್ತದೆ. ಹಿಂಡು ಯಾವ ಕಡೆ ತಿರುಗಿದೆ ಎಂದು ಊರಿನ ಗುಂಪಿಗೆ ದನಿಯಲ್ಲಿ ಒಂದು ಮಾತು ಹಾಕಿದರೆ ಹತ್ತು ಜನ ಎಚ್ಚರಾಗುತ್ತಾರೆ. ಆ ಹತ್ತು ಸೆಕೆಂಡಿನ ಮಾತನ್ನು ಯಾರೂ ಲೈಕ್ ಮಾಡುವುದಿಲ್ಲ, ಆದರೆ ನಮಗೆ ಅದಕ್ಕಿಂತ ದೊಡ್ಡ ವಾರ್ತೆ ಬೇರೆ ಇಲ್ಲ.

ಗುಮಟಾಪುರದ ಗೊರೆ ಹಬ್ಬ ಇನ್ನೂ ವಿಚಿತ್ರ. ದೀಪಾವಳಿಯ ಬಲಿಪಾಡ್ಯಮಿ ಕಳೆದ ಮಾರನೆಯ ದಿನ ಮನೆಮನೆಯ ಸಗಣಿಯನ್ನು ತಂದು ಬೀರೇಶ್ವರನ ಗುಡಿಯ ಹತ್ತಿರ ಗುಡ್ಡೆ ಹಾಕಿ, ಪೂಜೆ ಮಾಡಿ, ಗಂಡಸರು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಿ ಆಡುತ್ತಾರೆ. ಜಾತಿಯ ಬಿಂಕ ಬಿಟ್ಟು, ಮನಸ್ಸಿನ ಮುನಿಸು ಬಿಟ್ಟು ಆಡುವ ಆಟ. ಚಾಡಿಕೋರ ಎಂದು ಒಬ್ಬನಿಗೆ ವೇಷ ಹಾಕಿ ಕತ್ತೆಯ ಮೇಲೆ ಮೆರೆಸುವ ಪದ್ಧತಿಯೂ ಇದೆ. ಇದು ಅಕ್ಕಪಕ್ಕದ ಹತ್ತೂರಿಗೆ ಗೊತ್ತಿದ್ದ ಹಬ್ಬ. 2020ರ ಹೊತ್ತಿಗೆ ವಿದೇಶದ ಸುದ್ದಿಸಂಸ್ಥೆಗಳು ಚಿತ್ರ ಹಾಕಿದವು. 2025ರ ದೀಪಾವಳಿಗೆ ಅಮೆರಿಕದ ಯೂಟ್ಯೂಬಿನವನೊಬ್ಬ ಬಂದು, ಸಗಣಿಯೆಂಬ ಒಂದೇ ಮಾತನ್ನು ಹಿಡಿದು ಹೇಸಿಗೆಯ ತಲೆಬರಹ ಕೊಟ್ಟು ವಿಡಿಯೋ ಹರಿಯಬಿಟ್ಟ. ಲಕ್ಷಗಟ್ಟಲೆ ಜನ ನೋಡಿದರು. ಕೆಲವರು ನಕ್ಕರು, ಕೆಲವರು ಬೈದರು. ಇಡೀ ದೇಶವೇ ಹೀಗೆ ಎಂದವರೂ ಉಂಟು. ಬೀರೇಶ್ವರ ಯಾರು, ಸಗಣಿಯ ಮಹಿಮೆ ಏನು, ಆ ಚಾಡಿಕೋರನ ಮೆರವಣಿಗೆ ಏಕೆ ಎಂದು ಕೇಳಿದವರು ಕಡಿಮೆ. ಚಾಡಿ ಹೇಳುವವನನ್ನು ಕತ್ತೆ ಹತ್ತಿಸುವ ಹಬ್ಬದ ಮೇಲೆಯೇ ಹೀಗೆ ಚಾಡಿ ಹೇಳಿದ್ದು ನನಗೆ ನಗು ತರಿಸಿತು, ಸಿಟ್ಟನ್ನೂ ತರಿಸಿತು.

ಲೆಕ್ಕದವನಾದ್ದರಿಂದ ಹಣದ ಮಾತೂ ಎತ್ತುತ್ತೇನೆ. ಯೂಟ್ಯೂಬಿನಲ್ಲಿ ಉದ್ದದ ವಿಡಿಯೋಗೆ ಬರುವ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಪಾಲು ವಿಡಿಯೋ ಹಾಕಿದವನಿಗೆ, ಉಳಿದದ್ದು ಕಂಪನಿಗೆ. ಹಾಗಾದರೆ ಸಗಣಿ ಹೊತ್ತವರಿಗೆ, ತಮಟೆ ಬಡಿದವರಿಗೆ, ಪೂಜೆ ಮಾಡಿದವರಿಗೆ? ಆ ಖಾತೆಯಲ್ಲಿ ಅವರ ಹೆಸರೇ ಇಲ್ಲ. ನಮ್ಮ ಊರಿನ ಹುಡುಗರೇ ಕ್ಯಾಮರಾ ಹಿಡಿದು, ನಮ್ಮ ಮಾತಿನಲ್ಲೇ ಹಬ್ಬದ ಕತೆ ಹೇಳಿದರೆ ಆ 55ರಲ್ಲಿ ಒಂದಿಷ್ಟಾದರೂ ಬೆಟ್ಟ ಹತ್ತಿ ಬರುತ್ತದೆ.

ಈಗ ಸುಳ್ಳು ಸುದ್ದಿಯ ಮಾತು. ಬ್ಯಾಂಕಿನಲ್ಲಿ ಒಂದು ಹಳೆಯ ನಿಯಮವಿದೆ. ವೋಚರ್ ಬರೆದು ಲೆಡ್ಜರಿಗೆ ಏರಿಸುವವನು ಒಬ್ಬ, ಅದನ್ನು ನೋಡಿ ಪಾಸು ಮಾಡುವವನು ಇನ್ನೊಬ್ಬ. ಬರೆದವನೇ ಪಾಸು ಮಾಡುವಂತಿಲ್ಲ. ಕಂಪ್ಯೂಟರ್ ಬಂದು ಲೆಡ್ಜರುಗಳು ಗೆದ್ದಲು ಹಿಡಿದರೂ ಆ ನಿಯಮ ಹೋಗಲಿಲ್ಲ, ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರು. ಪತ್ರಿಕೆ, ರೇಡಿಯೋಗಳಲ್ಲೂ ಹೀಗೆಯೇ. ನಾನು ಈಗ ಓದುತ್ತಿರುವ ಈ ಭಾಷಣವನ್ನೂ ಇನ್ನೊಬ್ಬರು ನೋಡಿಯೇ ಬಿಟ್ಟಿದ್ದಾರೆ. ವಾಟ್ಸಾಪಿನಲ್ಲಿ ಮಾತ್ರ ಬರೆದವನೇ ಪಾಸು ಮಾಡುತ್ತಾನೆ, ಬರೆಯದವನೂ ಪಾಸು ಮಾಡುತ್ತಾನೆ.

ಇದರ ಬೆಲೆಯನ್ನು ನಾವು 2018ರಲ್ಲಿ ತೆತ್ತೆವು. ಆ ವರ್ಷದ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಒಂದು ವಿಡಿಯೋ ಓಡಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಬಗ್ಗೆ ಎಚ್ಚರ ಹೇಳಲು ಮಾಡಿದ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ವಾಪಸು ಬಿಟ್ಟು, ಜೋಪಾನ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಮೇ ತಿಂಗಳಲ್ಲಿ ತಿರುವಣ್ಣಾಮಲೈ ಜಿಲ್ಲೆಯಲ್ಲಿ ಕುಲದೇವರ ಗುಡಿಗೆ ಹೊರಟಿದ್ದ 65 ವರ್ಷದ ಮುದುಕಿ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದಕ್ಕೆ ಜನ ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನಿಗೂ ಅದೇ ಗತಿಯಾಯಿತು. ಜುಲೈನಲ್ಲಿ ಕಂಪನಿಯವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಾಡಿದರು. ಕೊಲೆಯಾದ ಮೇಲೆ ಬಂದ ನಿಯಮ. ನಮ್ಮ ಕಡೆ ಕಂಬಳಿ ಮಾರುವವರು, ಗಿಳಿಶಾಸ್ತ್ರದವರು, ಬುಡಬುಡಿಕೆಯವರು ಊರೂರು ಸುತ್ತುತ್ತಾರೆ. ಅವರ ಜೀವ ನಮ್ಮ ಒಂದು ಬೆರಳಿನ ಮೇಲಿದೆ ಎಂದು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಇದಕ್ಕಿಂತ ಮೆಲ್ಲಗೆ ಆಗುತ್ತಿರುವ ಇನ್ನೊಂದು ಬದಲಾವಣೆಯಿದೆ. ಅದು ನಮ್ಮಂಥ ಗಡಿಯವರಿಗೇ ಹೆಚ್ಚು ತಟ್ಟುವುದು. ತಮಿಳುನಾಡಿನಲ್ಲಿ 2006ರ ಕಾಯಿದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಇರುವ ನಾಡಿನ ಭಾಷೆ ಕಲಿಯಬೇಕು, ತಪ್ಪಲ್ಲ. ನಾನೂ ತಮಿಳಿನಲ್ಲೇ ಗಿರಾಕಿಗಳ ಜೊತೆ ವ್ಯವಹರಿಸಿ ಅನ್ನ ಉಂಡವನು. ಆದರೆ ಇಂಗ್ಲಿಷು, ತಮಿಳುಗಳ ನಡುವೆ ಕನ್ನಡದ ಅಕ್ಷರ ಬಹಳ ಮನೆಗಳಲ್ಲಿ ಕೈಬಿಟ್ಟಿತು. ಕೇಳಿದರೆ ಹುಡುಗರು, "ಓದಕ್ ಬರಲ್ಲ ತಾತ, ಕೇಳಕ್ ಬತ್ತದೆ" ಅನ್ನುತ್ತಾರೆ. ಕನ್ನಡ ಸಿನಿಮಾ ನೋಡುತ್ತಾರೆ, ಕನ್ನಡ ರೀಲ್ಸ್ ಮಾಡುತ್ತಾರೆ, ಬೆಂಗಳೂರಿನ ಹೊಸ ಮಾತುಗಳೂ ಅವರ ಬಾಯಲ್ಲಿವೆ. ಫೋನು ಕಿವಿಗೂ ಬಾಯಿಗೂ ಕನ್ನಡ ಕೊಟ್ಟಿದೆ, ಕಣ್ಣಿಗೆ ಕೊಟ್ಟಿಲ್ಲ. ಹಿಂದೆ ಊರಿಗೆ ಕಾಗದ ಬರೆಯಲಿಕ್ಕಾದರೂ ನಾಲ್ಕಕ್ಷರ ಬೇಕಾಗಿತ್ತು. ಈಗ ದನಿಯಲ್ಲೇ ಸಂದೇಶ ಕಳಿಸಿದರೆ ಮುಗಿಯಿತು.

ಕನ್ನಡ ಅಕ್ಷರ ಫೋನಿನೊಳಗೆ ಸುಮ್ಮನೆ ಬಂದು ಕೂತದ್ದಲ್ಲ. ಕೆ.ಪಿ. ರಾವ್ ಅವರಂಥವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದರು. 1991ರಲ್ಲಿ ಲೋಕದ ಭಾಷೆಗಳಿಗೆಲ್ಲ ಯೂನಿಕೋಡ್ ಎಂಬ ಸಂಕೇತದ ಪಟ್ಟಿ ಬಂದಾಗ ಕನ್ನಡಕ್ಕೂ ಅದರಲ್ಲಿ ಜಾಗ ಸಿಕ್ಕಿತು. 1998ರಲ್ಲಿ 'ಬರಹ' ಬಂತು, ಆಮೇಲೆ 'ನುಡಿ' ಬಂತು. ಅಷ್ಟೆಲ್ಲ ಜನ ಕಷ್ಟಪಟ್ಟು ಹಾಸಿದ ಚಾಪೆಯ ಮೇಲೆ ಕೂರುವವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ.

2017ರಿಂದ ಗೂಗಲಿನವರ ಯಂತ್ರ ಕನ್ನಡದಲ್ಲಿ ಆಡಿದ್ದನ್ನು ಕನ್ನಡದಲ್ಲೇ ಬರೆಯುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗ ಚಾಮರಾಜನಗರದಲ್ಲಿರುವ ತನ್ನ ಅತ್ತೆಗೆ ಹೀಗೆ ಬರೆದು ಕಳಿಸುತ್ತಾನೆ. ಆಕೆಗೆ ಕಿವಿ ಮಂದ, ದನಿ ಕಳಿಸಿದರೆ ಪ್ರಯೋಜನವಿಲ್ಲ. ಆದರೆ ಓದು ಚೆನ್ನಾಗಿ ಬರುತ್ತದೆ. ಇವನು ಬಾಯಲ್ಲಿ ಹೇಳುತ್ತಾನೆ, ಫೋನು ಬರೆಯುತ್ತದೆ, ಆಕೆ ಓದಿ ಕನ್ನಡದಲ್ಲೇ ಉತ್ತರ ಬರೆಯುತ್ತಾರೆ. ಇವನಿಗೆ ತಾನು ಕಳಿಸಿದ್ದನ್ನೂ ಓದಲು ಬರುವುದಿಲ್ಲ, ಬಂದದ್ದನ್ನೂ ಓದಲು ಬರುವುದಿಲ್ಲ. ಉತ್ತರ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದ. ನಾನು ಓದಿ ಹೇಳುವುದನ್ನು ನಿಲ್ಲಿಸಿದ್ದೇನೆ. ಅವನು ಕಳಿಸಿದ ಸಂದೇಶವನ್ನೇ ಪಾಠ ಮಾಡಿಕೊಂಡು ಸಂಜೆ ಅರ್ಧ ಗಂಟೆ ಒಟ್ಟಿಗೆ ಕೂರುತ್ತೇವೆ. ಅಕ್ಷರದ ದೊಡ್ಡ ಗಾತ್ರ ಇಟ್ಟುಕೊಂಡರೆ ನನ್ನ ಕಣ್ಣಿಗೂ ಅನುಕೂಲ. ಕಾಗುಣಿತ ಮುಗಿದಿದೆ. ಈಗ ಒತ್ತಕ್ಷರದಲ್ಲಿದ್ದಾನೆ, ಹೋದ ವಾರ 'ಅತ್ತೆ'ಯವರೆಗೆ ಬಂದ.